ಚಿಕಿತ್ಸೆ ಫೋನಿನಲ್ಲಿ, ರಸೀದಿ ಎಲ್ಲಿ?

ಬಸವಕಲ್ಯಾಣ: ಸಸ್ತಾಪುರ ಬಂಗ್ಲಾದ ಕಡೆ ಗ್ಯಾರೇಜಿನಲ್ಲಿ ದುಡಿಯುವ ಮೇಸ್ತ್ರಿಯೊಬ್ಬನ ಕಾಲು ಮುರಿಯಿತು ಎಂದಿಟ್ಟುಕೊಳ್ಳಿ. ಕಲಬುರಗಿಯಲ್ಲೋ, ಸೊಲ್ಲಾಪುರದಲ್ಲೋ ಆಪರೇಷನ್ ಆಯಿತು. ರಾಡು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರರು ಹೇಳುವ ಮಾತು ಒಂದೇ: "ದಿನಾ ವ್ಯಾಯಾಮ ಮಾಡಿಸ್ರಿ. ಇಲ್ಲಂದ್ರ ಮೊಣಕಾಲು ಬಿಗೀತದ."

ಅಸಲಿ ತಾಪತ್ರಯ ಶುರುವಾಗುವುದೇ ಇಲ್ಲಿ. ಆಪರೇಷನ್ ಒಂದು ದಿನದ ಕೆಲಸ, ವ್ಯಾಯಾಮ ತಿಂಗಳುಗಟ್ಟಲೆ. ಬೀದರಿಗೆ ಹೋಗಬೇಕೆಂದರೆ ಕಲ್ಯಾಣದಿಂದ ಸುಮಾರು 80 ಕಿ.ಮೀ., ಹುಮನಾಬಾದಿನಿಂದ ಸುಮಾರು 50 ಕಿ.ಮೀ. ಶಕ್ತಿ ಯೋಜನೆ ಬಂದು 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಊರುಗೋಲು ಹಿಡಿದವರಿಗೆ ಬಸ್ಸಿನ ಮೆಟ್ಟಿಲೇ ಬೆಟ್ಟ. ಗಂಡಸಿಗಾದರೆ ಟಿಕೆಟ್ಟೂ ಉಂಟು, ಕರಕೊಂಡು ಹೋದವನ ಆ ದಿನದ ಕೂಲಿಯೂ ಖೋತಾ.

ಆದ್ದರಿಂದ ಕರೋನಾ ಕಾಲದ ನಂತರ ಫೋನು ಬಂದಿದೆ. ಮಗ ಮೊಬೈಲು ಹಿಡಿಯುತ್ತಾನೆ, ಅಪ್ಪ ಕಾಲು ಮಡಚುತ್ತಾನೆ. ಅತ್ತ ಕಡೆಯಿಂದ ಫಿಜಿಯೋಥೆರಪಿಸ್ಟು "ಇನ್ನೊಂಚೂರು ಮಡಚ್ರಿ" ಅನ್ನುತ್ತಾರೆ. ಚಿಕಿತ್ಸೆ ಸಿಕ್ಕಿತು. ರೊಕ್ಕ ಯಾರು ಕೊಡಬೇಕು?

ಅಮೆರಿಕದಲ್ಲಿ ನಂಬರು ಉಂಟು

ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆಗೆ ಮೆಡಿಕೇರ್ ಎಂದು ಹೆಸರು. ಅದು 2022ರ ಜನವರಿ 1ರಿಂದ ಈ ದೂರದ ನಿಗಾಕ್ಕೂ ಹಣ ಕೊಡುತ್ತಿದೆ. ಪ್ರತಿ ಕೆಲಸಕ್ಕೂ ಒಂದೊಂದು ನಂಬರು. ಉಪಕರಣ ಜೋಡಿಸಿ ರೋಗಿಗೆ ಕಲಿಸಿದ್ದಕ್ಕೆ 98975. ಕೀಲು, ಸ್ನಾಯುವಿನ ಲೆಕ್ಕ ಕಳಿಸುವ ಉಪಕರಣಕ್ಕೆ 98977. 30 ದಿನದಲ್ಲಿ ಕನಿಷ್ಠ 16 ದಿನ ಲೆಕ್ಕ ಬಂದಿರಬೇಕು. ತಿಂಗಳಲ್ಲಿ 20 ನಿಮಿಷ ಅದನ್ನು ನೋಡಿ, ರೋಗಿಯೊಡನೆ ಒಮ್ಮೆಯಾದರೂ ಮಾತಾಡಿದ್ದಕ್ಕೆ 98980. 15 ದಿನ ಲೆಕ್ಕ ಬಂದರೆ ಉಪಕರಣದ ಬಿಲ್ಲಿಲ್ಲ ಎಂಬ ಕಟ್ಟುನಿಟ್ಟು ಜನಕ್ಕೆ ತೊಡಕಾಗಿತ್ತು. 2026ರಿಂದ ಕಡಿಮೆ ದಿನಕ್ಕೂ ಬೇರೆ ನಂಬರು ಮಾಡಿದ್ದಾರೆ.

ತಮಾಷೆ ನೋಡಿ. ಅಮೆರಿಕದ ಆಸ್ಪತ್ರೆಗಳ ಬಿಲ್ಲು ಬರೆಯುವ ಕೆಲಸ ಬೆಂಗಳೂರಿನ ಕಚೇರಿಗಳಲ್ಲೂ ನಡೆಯುತ್ತದೆ. ನಮ್ಮ ಹುಡುಗರು ರಾತ್ರಿಯೆಲ್ಲಾ ಕೂತು ಅಲ್ಲಿಯವರ ಮೊಣಕಾಲಿಗೆ ನಂಬರು ಹಾಕುತ್ತಾರೆ. ಊರಲ್ಲಿರುವ ಅವ್ವನ ಮೊಣಕಾಲಿಗೆ ನಂಬರಿಲ್ಲ.

ನಮ್ಮಲ್ಲಿ ಏನುಂಟು?

ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಂಟು. ಎ.ಪಿ.ಎಲ್.ನವರಿಗೆ ಪ್ಯಾಕೇಜಿನ ಶೇ. 30 ಮಾತ್ರ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಡಿಸ್‌ಚಾರ್ಜ್ ಆದ ಮೇಲಿನ 15 ದಿನದ ಔಷಧ, ತಪಾಸಣೆ ಸೇರಿದೆ. ಆದರೆ ಹದಿನೈದು ದಿನದಲ್ಲಿ ಮೊಣಕಾಲು ಸರಿಹೋದೀತೇ? ಪ್ಯಾಕೇಜು ಕಟ್ಟಿರುವುದು ಆಸ್ಪತ್ರೆಯ ಹಾಸಿಗೆಯ ಲೆಕ್ಕದಲ್ಲಿ, ಮನೆಯ ಮಂಚದ ಲೆಕ್ಕದಲ್ಲಲ್ಲ.

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಫೋನು ವೈದ್ಯಕ್ಕೆ ನಿಯಮ ತಂದಿತು. ಫೀಸು ತೆಗೆದುಕೊಳ್ಳಬಹುದು, ರಸೀದಿ ಕೊಡಬೇಕು ಎಂದು ಅದರಲ್ಲಿದೆ. ಆದರೆ ಆ ನಿಯಮ ಡಾಕ್ಟರರಿಗೆ ಬರೆದದ್ದು, ಫಿಜಿಯೋಥೆರಪಿಸ್ಟರಿಗಲ್ಲ. ಅವರ ವೃತ್ತಿಯನ್ನೂ ಒಳಗೊಂಡ ಕೇಂದ್ರ ಕಾನೂನು ಬಂದದ್ದು 2021ರಲ್ಲಿ.

ಸ್ವಂತ ವಿಮೆ ಮಾಡಿಸಿದ ವ್ಯಾಪಾರಸ್ಥರ ಪಾಡು ತುಸು ಮೇಲು. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಡಿಸ್‌ಚಾರ್ಜ್ ನಂತರದ 60 ದಿನದ ಖರ್ಚು ಕೇಳಬಹುದು. ದಾಖಲಾಗಿದ್ದ ಅದೇ ಕಾಯಿಲೆಯದ್ದಾಗಿರಬೇಕು, ಆಸ್ಪತ್ರೆ ಕ್ಲೇಮು ಪಾಸಾಗಿರಬೇಕು.

ಮೊದಲು ಮಾಡಬೇಕಾದ್ದು

ಡಿಸ್‌ಚಾರ್ಜ್ ಚೀಟಿಯಲ್ಲೇ "ಫಿಜಿಯೋಥೆರಪಿ, ಇಷ್ಟು ವಾರ" ಎಂದು ಡಾಕ್ಟರರಿಂದ ಬರೆಸಿಕೊಳ್ಳಿ. ಬಾಯಿಮಾತಿಗೆ ವಿಮೆಯವರು ಬೆಲೆ ಕೊಡುವುದಿಲ್ಲ. ಫೋನಿನಲ್ಲಿ ರೊಕ್ಕ ಹಾಕಿದರೆ ಆ ಸಂದೇಶವೇ ಬಿಲ್ಲಲ್ಲ. ತಾರೀಖು, ರೋಗಿಯ ಹೆಸರು, ಮಾಡಿದ ಚಿಕಿತ್ಸೆ, ನೋಂದಣಿ ಸಂಖ್ಯೆ, ಸಹಿ ಇರುವ ರಸೀದಿ ಬೇಕು. ಆರೋಗ್ಯ ಸಂಜೀವಿನಿಯಲ್ಲಿ ಚಿಕಿತ್ಸೆ ಮುಗಿದ 15 ದಿನದೊಳಗೆ ಕಾಗದ ಸಲ್ಲಿಸಬೇಕು. ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಫೀಸಿಲ್ಲ, ವಕೀಲರೂ ಬೇಡ.

ಇಷ್ಟು ಮಾಡಿದರೂ ಬಿ.ಪಿ.ಎಲ್. ಕಾರ್ಡಿನ ಮೇಸ್ತ್ರಿಗೆ ಇದರಿಂದ ಉಪಯೋಗವಿಲ್ಲ. ಅವನಿಗೆ ಬೇಕಾದ್ದು ಪ್ಯಾಕೇಜಿನಲ್ಲಿ ಒಂದು ಸಾಲು: ಮನೆಯ ವ್ಯಾಯಾಮಕ್ಕೆ ಇಷ್ಟು ವಾರ, ಇಷ್ಟು ದರ. ರಾಡು ಹಾಕಲು ಸಾವಿರಾರು ರೂಪಾಯಿ ಕೊಟ್ಟ ಸರ್ಕಾರ, ಕಾಲು ಮಡಚಿಸುವ ಸಣ್ಣ ಖರ್ಚಿಗೆ ಕೈ ಹಿಂದೆಗೆದರೆ ಮೊದಲು ಕೊಟ್ಟದ್ದೂ ನೀರಿಗೆ ಹಾಕಿದಂತೆಯೇ.

ಕಲ್ಯಾಣ ಕಾಯಕದ ಊರು. ಕಾಲು ಬಿಗಿದು ಕೂತವನ ಕಾಯಕವೂ ಕೂತಂತೆ. ಸಂಬಂಧಪಟ್ಟವರು ಗಮನಿಸುವರೇ?