ಕಲಾವಿದರ ಔದಾರ್ಯವೂ ಮಹಾಜನರ ಹೊಣೆಯೂ

ಜನರನ್ನು ರಂಜಿಸಿ ಜೀವಿಸುವ ನಟ ನಟಿಯರ ವಿಷಯದಲ್ಲಿ ನಮ್ಮ ನಾಡಿನಲ್ಲಿ ಎರಡು ಬಗೆಯ ಅತಿರೇಕಗಳು ಬೆಳೆದುಬಂದಿವೆ. ಕೆಲವರು ಅವರ ಚಿತ್ರಪಟಗಳಿಗೆ ಹಾಲೆರೆದು ದೇವರಂತೆ ಪೂಜಿಸುವರು. ಮತ್ತೆ ಕೆಲವರು, ಬಣ್ಣ ಹಚ್ಚಿ ಕುಣಿಯುವವರಿಂದ ದೇಶಕ್ಕೇನು ಪ್ರಯೋಜನವೆಂದು ಮೂಗು ಮುರಿಯುವರು. ಈ ಎರಡು ಪಕ್ಷದವರೂ ಶಾಂತಚಿತ್ತದಿಂದ ವಿಚಾರ ಮಾಡಬೇಕಾದ ಸಂಗತಿಯೊಂದುಂಟು. ಕಷ್ಟಕಾಲ ಬಂದಾಗಲೆಲ್ಲ ಈ ವರ್ಗದ ಅನೇಕರು ಸಾಮಾನ್ಯ ಜನರ ಕಡೆಗೆ ಕೈ ಚಾಚಿದ್ದಾರೆ. ಆ ಔದಾರ್ಯದ ಸ್ವರೂಪವೇನು, ಅದಕ್ಕೆ ಪ್ರತಿಯಾಗಿ ನಮ್ಮ ಕರ್ತವ್ಯವೇನು ಎಂಬುದನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಇದು ಹೊಸ ಸಂಪ್ರದಾಯವಲ್ಲ. ನಮ್ಮ ನಾಟಕ ಕಂಪನಿಗಳು ಊರಿಂದೂರಿಗೆ ಕ್ಯಾಂಪು ಹಾಕುತ್ತ ಸಂಚರಿಸುತ್ತಿದ್ದ ದಿನಗಳಲ್ಲಿ, ಒಂದು ರಾತ್ರಿಯ ಉತ್ಪನ್ನವನ್ನು ಆ ಊರಿನ ಶಾಲೆಗೋ ಸಂಕಟದಲ್ಲಿದ್ದವರಿಗೋ ಬಿಟ್ಟುಕೊಡುವ ಸಹಾಯಾರ್ಥ ಪ್ರಯೋಗಗಳು ಸರ್ವಪರಿಚಿತವಾಗಿದ್ದವು. ಸಂಗೀತ ಲೋಕದಲ್ಲಿ ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರು 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಕಚೇರಿಗಳನ್ನು ನಡೆಸಿ ಹಣ ಕೂಡಿಸಿಕೊಟ್ಟರು. ಮುಂದೆ ಆಸ್ಪತ್ರೆ, ವಿದ್ಯಾಸಂಸ್ಥೆ ಮೊದಲಾದವುಗಳಿಗಾಗಿ ಅವರು ಹಾಡಿದ ಸಹಾಯಾರ್ಥ ಕಚೇರಿಗಳು ಒಂದೆರಡಲ್ಲ. 1974ರಲ್ಲಿ ಅವರಿಗೆ ದೊರೆತ ಮ್ಯಾಗ್ಸೇಸೆ ಪ್ರಶಸ್ತಿಯು ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಬಂದುದೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಕಂಠವನ್ನೇ ಬಂಡವಾಳವಾಗಿ ಪಡೆದವರು ಆ ಕಂಠದಿಂದಲೇ ಲೋಕಸೇವೆಯನ್ನೂ ಮಾಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಈಚಿನ ಮಹಾಸಂಕಟವೆಂದರೆ 2020 ಮತ್ತು 2021ರ ಕೊರೋನಾ ಪಿಡುಗು. ಚಿತ್ರಮಂದಿರಗಳು ಮುಚ್ಚಿದವು, ಚಿತ್ರೀಕರಣ ನಿಂತಿತು. ದೀಪ ಹಿಡಿಯುವವನು, ಬಣ್ಣ ಹಚ್ಚುವವನು, ಅಡಿಗೆ ಮಾಡಿ ಬಡಿಸುವವನು ಮೊದಲಾಗಿ ದಿನಗೂಲಿಯನ್ನು ನಂಬಿದ್ದ ಸಾವಿರಾರು ಕುಟುಂಬಗಳ ಒಲೆ ಆರುವ ಸ್ಥಿತಿ ಬಂದಿತು. ಆಗ, 2020ರ ಮಾರ್ಚ್ ಕೊನೆಯಲ್ಲಿ, ನಟ ಪುನೀತ್ ರಾಜ್‌ಕುಮಾರರು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ 50 ಲಕ್ಷ ರೂಪಾಯಿಗಳನ್ನು ಒಪ್ಪಿಸಿದರು. 2021ರ ಎರಡನೆಯ ಅಲೆಯ ಕಾಲದಲ್ಲಿ ನಟ ಯಶ್ ಅವರು ಚಿತ್ರೋದ್ಯಮದ ಮೂರು ಸಾವಿರಕ್ಕೂ ಮಿಕ್ಕ ಕಾರ್ಮಿಕರಿಗೆ ತಲಾ 5,000 ರೂಪಾಯಿಗಳನ್ನು ಕೊಡುವುದಾಗಿ ಸಾರಿದರು. ನಟ ಉಪೇಂದ್ರರು ಮಾರುಕಟ್ಟೆಯಿಲ್ಲದೆ ಕೊಳೆಯುತ್ತಿದ್ದ ಬೆಳೆಯನ್ನು ರೈತರಿಂದ ಕೊಂಡು ಬಡವರಿಗೆ ಹಂಚಿಸಿದರು. ಈ ಕಡೆಯ ಕ್ರಮದಲ್ಲಿ ದಯೆಯ ಜೊತೆಗೆ ವಿವೇಕವೂ ಇರುವುದನ್ನು ನಾವು ಮೆಚ್ಚುತ್ತೇವೆ. ಒಂದೇ ಹಣದಿಂದ ಬೆಳೆದವನ ಮಾನವೂ ಉಳಿಯಿತು, ಹಸಿದವನ ಹೊಟ್ಟೆಯೂ ತುಂಬಿತು.

ಇಂಥ ದಾನಗಳೆಲ್ಲ ಪ್ರಚಾರದ ಆಸೆಯಿಂದ ಆದವು, ಜನರ ಹಣವನ್ನೇ ಜನರಿಗೆ ಮರಳಿಸಿದರೆ ಅದರಲ್ಲಿ ಹೆಚ್ಚುಗಾರಿಕೆಯೇನೆಂದು ಕೇಳುವವರೂ ಉಂಟು. ಕೀರ್ತಿಯ ಆಸೆಯು ಕೆಲವರಲ್ಲಿ ಇರಬಹುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಡೆದುದನ್ನು ಮರಳಿಸಬೇಕೆಂಬ ಬುದ್ಧಿಯು ಜನರಿಂದಲೇ ಸಂಪಾದಿಸುವ ವರ್ತಕರಲ್ಲಿ, ವಕೀಲರಲ್ಲಿ, ಅಧಿಕಾರಿಗಳಲ್ಲಿ ಎಷ್ಟು ಮಂದಿಗೆ ಬಂದಿದೆ? ನಟನು ಟಿಕೆಟ್ಟಿನ ಹಣದ ಋಣವನ್ನು ನೆನೆಯುವುದಾದರೆ ಆ ನೆನಪಿಗೇ ಒಂದು ಬೆಲೆಯುಂಟು. ಕೊಟ್ಟ ಕೈಯ ಉದ್ದೇಶವನ್ನು ಶೋಧಿಸುತ್ತ ಕೂಡುವುದಕ್ಕಿಂತ, ಕೊಟ್ಟುದು ಎಷ್ಟು ಕಾಲ ನಿಂತಿತು, ಯಾರಿಗೆ ಮುಟ್ಟಿತು ಎಂದು ನೋಡುವುದೇ ಸರಿಯಾದ ಪರೀಕ್ಷೆಯೆಂದು ನಮ್ಮ ಅಭಿಪ್ರಾಯ.

ಈ ಪರೀಕ್ಷೆಯಲ್ಲಿ ಎತ್ತರದಲ್ಲಿ ನಿಲ್ಲುವವರು ದಿವಂಗತ ಶ್ರೀಮತಿ ಲೀಲಾವತಿಯವರು. ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆಯಿಂದ ಬಂದು, ರಂಗಭೂಮಿಯಲ್ಲಿ ಪಳಗಿ, ನೂರಾರು ಚಿತ್ರಗಳಲ್ಲಿ ಅಭಿನಯಿಸಿದ ಈ ಕಲಾವಿದೆಯು ತಮ್ಮ ಮುಪ್ಪಿನ ದಿನಗಳನ್ನು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ಬೇಸಾಯ ಮಾಡುತ್ತ ಕಳೆದರು. ಸುತ್ತಣ ಹಳ್ಳಿಗರು ಚಿಕಿತ್ಸೆಗಾಗಿ ದೂರ ಹೋಗಿ ಪಡುತ್ತಿದ್ದ ಪಾಡನ್ನು ಕಂಡು, ಚೆನ್ನೈಯಲ್ಲಿದ್ದ ತಮ್ಮ ಆಸ್ತಿಯನ್ನು ಮಾರಿ ಆ ಹಳ್ಳಿಯಲ್ಲಿ ಆಸ್ಪತ್ರೆಯನ್ನು ಕಟ್ಟಿಸಿದರು. ಬಳಿಕ ದನಕರುಗಳಿಗಾಗಿ ಪಶು ಆಸ್ಪತ್ರೆಯೊಂದನ್ನೂ ಕಟ್ಟಿಸಿದರು. ಅದರ ಉದ್ಘಾಟನೆಯು 2023ರ ನವೆಂಬರ್ ತಿಂಗಳಲ್ಲಿ ನಡೆಯಿತು. ಡಿಸೆಂಬರ್ 8ರಂದು ಅವರು ತೀರಿಕೊಂಡರು. ಚಿತ್ರರಂಗದ ಅತಿ ಶ್ರೀಮಂತರಲ್ಲಿ ಅವರ ಹೆಸರನ್ನು ಯಾರೂ ಎಣಿಸುತ್ತಿರಲಿಲ್ಲ. ಆದರೂ ತಾವು ವಾಸಿಸುವ ಊರಿಗೆ ಏನು ಬೇಕೆಂಬುದನ್ನು ಕಣ್ಣಾರೆ ಕಂಡು, ಅದನ್ನೇ ಕೊಟ್ಟರು.

ಇಲ್ಲಿ ನಮ್ಮ ವಾಚಕರಲ್ಲಿರುವ ಅಧಿಕಾರವರ್ಗಕ್ಕೆ ಒಂದು ಮಾತನ್ನು ಬಿನ್ನವಿಸುವುದು ಅಗತ್ಯವಾಗಿದೆ. ದಾನಿಯು ಗೋಡೆಯನ್ನು ಎಬ್ಬಿಸಬಹುದು, ಛಾವಣಿಯನ್ನು ಹಾಕಿಸಬಹುದು. ಆದರೆ ಆ ಛಾವಣಿಯ ಕೆಳಗೆ ಪ್ರತಿದಿನವೂ ವೈದ್ಯರು, ದಾದಿಯರು ಮತ್ತು ಔಷಧದ ದಾಸ್ತಾನು ಇರುವಂತೆ ನೋಡಿಕೊಳ್ಳುವುದು ಸರಕಾರದ ಕೆಲಸ. ದಾನದಿಂದ ಕಟ್ಟಿದ ಮನೆಯ ಬಾಗಿಲಲ್ಲಿ ಬೀಗ ತೂಗುವಂತಾದರೆ, ಮುಂದೆ ಕೊಡಬೇಕೆಂದಿದ್ದ ಹತ್ತು ಕೈಗಳು ಹಿಂದೆ ಸರಿಯುವುವು. ಉದ್ಘಾಟನೆಯ ದಿನ ಹಾರ ತುರಾಯಿಗಳ ಕೊರತೆಯಿರುವುದಿಲ್ಲ. ಆರು ತಿಂಗಳ ಬಳಿಕ ಅಲ್ಲಿ ಎಷ್ಟು ಹುದ್ದೆಗಳು ಭರ್ತಿಯಾಗಿವೆಯೆಂದು ವಿಚಾರಿಸುವ ಅಧಿಕಾರಿಯೇ ಆ ದಾನಕ್ಕೆ ನಿಜವಾದ ಮರ್ಯಾದೆಯನ್ನು ಸಲ್ಲಿಸಿದವನು. ಕಲಾವಿದರ ದಯೆಯು ಸರಕಾರದ ಕರ್ತವ್ಯಕ್ಕೆ ಬದಲಿಯಾಗಲಾರದು, ಆಗಲೂಕೂಡದು.

ಇನ್ನು ಡಾ. ರಾಜ್‌ಕುಮಾರರ ಮನೆತನದ ಸಂಗತಿ. ಮೈಸೂರಿನಲ್ಲಿ ನೊಂದ ಹೆಣ್ಣುಮಕ್ಕಳಿಗೆ ಆಶ್ರಯವಾಗಿರುವ ಶಕ್ತಿಧಾಮಕ್ಕಾಗಿ ಶ್ರೀಮತಿ ಪಾರ್ವತಮ್ಮನವರು ಬಹುಕಾಲ ದುಡಿದರು. ಅವರ ಕಿರಿಯ ಮಗ ಪುನೀತ್ ಅವರೂ ಅದರ ಬೆನ್ನಿಗೆ ನಿಂತರು. ಹಾಲು ಉತ್ಪಾದಕ ರೈತರ ಸಂಸ್ಥೆಯಾದ ನಂದಿನಿಯ ಪ್ರಚಾರಕ್ಕೆ ತಂದೆಯಂತೆಯೇ ಮಗನೂ ಸಂಭಾವನೆಯಿಲ್ಲದೆ ಮುಖ ತೋರಿದರು. 2021ರ ಅಕ್ಟೋಬರ್ 29ರಂದು, ಕೇವಲ 46ರ ವಯಸ್ಸಿನಲ್ಲಿ, ಪುನೀತ್ ಅವರು ಅಕಸ್ಮಾತ್ತಾಗಿ ಮಡಿದಾಗ ಅವರ ದಾನಗಳ ಬಗ್ಗೆ ನಾನಾ ಅಂಕಿಗಳು ಬಾಯಿಂದ ಬಾಯಿಗೆ ಹರಡಿದವು. ಆ ಗಾಳಿಮಾತಿನ ಲೆಕ್ಕಗಳನ್ನು ನಾವು ಹಿಡಿಯಬೇಕಾಗಿಲ್ಲ. ನಿಶ್ಚಿತವಾದ ಒಂದೇ ಸಂಗತಿಯು ಅವೆಲ್ಲಕ್ಕಿಂತ ದೊಡ್ಡದು. ಅದು ನೇತ್ರದಾನ.

1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕು ಆರಂಭವಾದಾಗ ಡಾ. ರಾಜ್‌ಕುಮಾರರು ತಮ್ಮ ಕುಟುಂಬದವರೆಲ್ಲರ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟರು. ವೇದಿಕೆಯ ಮೇಲೆ ಕೊಟ್ಟ ಮಾತುಗಳು ವೇದಿಕೆಯಲ್ಲೇ ಉಳಿಯುವುದು ಲೋಕರೂಢಿ. ಆದರೆ 2006ರ ಏಪ್ರಿಲ್ 12ರಂದು ಅವರು ನಿಧನರಾದಾಗ, ನಗರವೇ ಕಲಕಿಹೋದ ಆ ಹೊತ್ತಿನಲ್ಲಿಯೂ, ಮನೆಯವರು ಮಾತನ್ನು ಉಳಿಸಿಕೊಂಡರು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳೂ, 2021ರಲ್ಲಿ ಪುನೀತರ ಕಣ್ಣುಗಳೂ ಹಾಗೆಯೇ ಸಂದವು. ಪುನೀತರ ಎರಡು ಕಣ್ಣುಗಳ ಪಾರದರ್ಶಕ ಪೊರೆಗಳನ್ನು ವೈದ್ಯರು ಮುಂಪದರ, ಹಿಂಪದರಗಳೆಂದು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿಯನ್ನು ಕೊಟ್ಟರು. ಅದಾದ ಮೇಲೆ ಸಾವಿರಾರು ಜನರು ನೇತ್ರದಾನದ ಪ್ರತಿಜ್ಞೆಗೆ ಸಹಿ ಹಾಕಿದರು. ಹಣವುಳ್ಳವನ ದಾನವನ್ನು ಬಡವನು ನೋಡಿ ಹೊಗಳಬಹುದಷ್ಟೆ, ಅನುಸರಿಸಲಾರನು. ಈ ದಾನವಾದರೋ ಕೂಲಿಕಾರನಿಗೂ ಸಾಧ್ಯವಾದುದು. ಆದುದರಿಂದಲೇ ಇದನ್ನು ನಾವು ಎಲ್ಲಕ್ಕೂ ಮಿಗಿಲೆನ್ನುತ್ತೇವೆ.

ಆದರೆ ಸಹಿಯಿಂದ ಕುರುಡನಿಗೆ ಕಣ್ಣು ಬಾರದು. ನೇತ್ರದಾನವು ನಡೆಯುವುದು ಸಹಿ ಮಾಡಿದವನಿಂದಲ್ಲ, ಅವನ ಮರಣಾನಂತರ ಮನೆಯವರಿಂದ. ಮರಣ ಸಂಭವಿಸಿದ ಸುಮಾರು ಆರು ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯಬೇಕು. ಆದುದರಿಂದ ಮನೆಯವರು ಕೂಡಲೇ ಸಮೀಪದ ನೇತ್ರ ಬ್ಯಾಂಕಿಗೆ ದೂರವಾಣಿಯಲ್ಲಿ ತಿಳಿಸಬೇಕು. ಅಲ್ಲಿಯವರು ಬರುವ ತನಕ ಮೃತರ ರೆಪ್ಪೆಗಳನ್ನು ಮುಚ್ಚಿ ಒದ್ದೆ ಹತ್ತಿಯನ್ನಿಡಬೇಕು, ಫ್ಯಾನನ್ನು ನಿಲ್ಲಿಸಬೇಕು, ತಲೆಯನ್ನು ದಿಂಬಿನಿಂದ ತುಸು ಎತ್ತರಿಸಬೇಕು. ಕೆಲಸವು ಅರ್ಧ ಗಂಟೆಯೊಳಗೆ ಮುಗಿಯುವುದು. ಮುಖವು ವಿರೂಪವಾಗುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ. ಮುಪ್ಪಾಗಲಿ, ಕನ್ನಡಕವಾಗಲಿ, ಸಕ್ಕರೆ ಕಾಯಿಲೆಯಾಗಲಿ ಇದಕ್ಕೆ ಬಾಧಕವಲ್ಲ. ಹುಚ್ಚುನಾಯಿ ಕಡಿತದ ರೋಗ, ಏಡ್ಸ್ ಮೊದಲಾದ ಕೆಲವು ಸೋಂಕುಗಳಿಂದ ತೀರಿಕೊಂಡವರ ಕಣ್ಣುಗಳನ್ನು ಮಾತ್ರ ಸ್ವೀಕರಿಸುವುದಿಲ್ಲ. ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುವೆವೆಂಬ ಭಯವನ್ನು ಹಳ್ಳಿಗಳಲ್ಲಿ ಇನ್ನೂ ಕೇಳುತ್ತೇವೆ. ಅನ್ಯರಿಗೆ ಬೆಳಕು ಕೊಟ್ಟವನಿಗೆ ಕತ್ತಲೆಯನ್ನು ವಿಧಿಸುವ ಧರ್ಮ ಯಾವುದೆಂದು ಅವರಿಗೆ ಸಮಾಧಾನದಿಂದ ತಿಳಿಹೇಳಬೇಕಾದವರು ಓದುಬಲ್ಲವರಾದ ನಾವು.

ಅಭಿಮಾನಿ ಸಂಘಗಳವರಿಗೂ ನಮ್ಮದೊಂದು ಸೂಚನೆ. ನಿಮ್ಮ ನಟನ ಹೆಸರಿನಲ್ಲಿ ಎತ್ತರದ ಕಟೌಟುಗಳನ್ನು ನಿಲ್ಲಿಸುವ ಹಣ ಮತ್ತು ಉತ್ಸಾಹದಲ್ಲಿ ಒಂದು ಪಾಲನ್ನಾದರೂ, ಪ್ರತಿಜ್ಞೆ ಮಾಡಿದವರ ಪಟ್ಟಿಯನ್ನು ಬೀದಿಬೀದಿಯಲ್ಲಿ ಇಟ್ಟುಕೊಂಡು, ಸಾವಿನ ಮನೆಯಲ್ಲಿ ಆ ಮಾತನ್ನು ವಿನಯದಿಂದ ನೆನಪಿಸುವ ಕೆಲಸಕ್ಕೆ ಮೀಸಲಿಡಿರಿ. ಪೌರಸಂಸ್ಥೆಗಳೂ ಆಸ್ಪತ್ರೆಗಳೂ ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ಬರೆಯಿಸಲಿ.

2022ರ ನವೆಂಬರ್ 1ರಂದು ನಾಡು ಪುನೀತರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನವನ್ನು ಅರ್ಪಿಸಿತು. ಅದು ಉಚಿತವೇ ಆಯಿತು. ಆದರೆ ಬಿರುದು ಕೊಟ್ಟ ಮಾತ್ರಕ್ಕೆ ಋಣ ತೀರಿತೆಂದು ಭಾವಿಸಲಾಗದು. ಸೋಲದೇವನಹಳ್ಳಿಯ ಆಸ್ಪತ್ರೆಯಲ್ಲಿ ರೋಗಿಗೆ ಎಂದೂ ವೈದ್ಯರು ಸಿಗುವಂತೆ ಸರಕಾರವು ನೋಡಿಕೊಳ್ಳಲಿ. ನೇತ್ರದಾನಕ್ಕೆ ಸಹಿ ಹಾಕಿದ ಮಹಾಜನರು ಇಂದೇ ತಮ್ಮ ಹೆಂಡಿರುಮಕ್ಕಳನ್ನು ಕೂಡಿಸಿ ತಮ್ಮ ಇಚ್ಛೆಯನ್ನು ಸ್ಪಷ್ಟವಾಗಿ ಹೇಳಿಡಲಿ. ಕಲಾವಿದರು ತಮ್ಮ ಪಾಲನ್ನು ಸಲ್ಲಿಸಿದ್ದಾರೆ. ಉಳಿದುದು ನಮ್ಮ ಪಾಲಿನದು.