ನೊಬೆಲ್ ಗೆದ್ದ ಲಾಸ್ಲೋ, ಬಾಲ್‌ಪೆನ್ ಕೊಟ್ಟ ಲಾಸ್ಲೋ: ಹಂಗೇರಿಯ ಒಂದೇ ಹೆಸರಿನ ಹಿಂದೆ ಎಷ್ಟೊಂದು ಕಥೆ!

2025ರ ಅಕ್ಟೋಬರ್ 9ರಂದು ಸಾಹಿತ್ಯದ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ ಬಹಳಷ್ಟು ಓದುಗರಿಗೆ ಮೊದಲು ಎದುರಾದ ತೊಡಕು ಪುಸ್ತಕದ್ದಲ್ಲ, ಹೆಸರಿನದು. ಪ್ರಶಸ್ತಿ ಬಂದದ್ದು ಹಂಗೇರಿಯ ಕಾದಂಬರಿಕಾರ ಲಾಸ್ಲೋ ಕ್ರಸ್ನಹೋರ್ಕಯಿ ಅವರಿಗೆ. ಇಂಗ್ಲಿಷ್ ಕಾಗುಣಿತ ನೋಡಿ 'ಲಾಸ್‌ಜ್ಲೋ' ಎಂದು ಓದಿದವರೂ ಇದ್ದರು. ಸರಿಯಾದ ಉಚ್ಚಾರ ಅದಕ್ಕಿಂತ ಸುಲಭ: ಲಾಸ್ಲೋ, ಅಷ್ಟೇ.

ಈ ಹೆಸರು ನಮಗೆ ಹೊಸದು ಅನ್ನಿಸಿದರೂ ಈ ಹೆಸರಿನವರು ಮಾಡಿದ ಕೆಲಸ ಹೊಸದಲ್ಲ. ನಿಮ್ಮ ಶರ್ಟಿನ ಜೇಬಿನಲ್ಲಿರುವ ಬಾಲ್‌ಪೆನ್ ಒಬ್ಬ ಲಾಸ್ಲೋ ಕೊಟ್ಟದ್ದು. ಬಾರ್ಸಿಲೋನಾ ಫುಟ್‌ಬಾಲ್ ಮೈದಾನದ ಹೊರಗೆ ಇನ್ನೊಬ್ಬ ಲಾಸ್ಲೋನ ಪ್ರತಿಮೆ ಇದೆ. ಹೆಣ್ಣುಮಕ್ಕಳು ಚೆಸ್‌ನಲ್ಲಿ ಗಂಡಸರಿಗೆ ಸಮ ಎಂದು ಹಟ ಹಿಡಿದು ತೋರಿಸಿದ ಅಪ್ಪನೂ ಲಾಸ್ಲೋ. ಹಂಗೇರಿಯಲ್ಲಿ ಇದು ಅತ್ಯಂತ ಸಾಮಾನ್ಯವಾದ ಗಂಡಸರ ಹೆಸರುಗಳಲ್ಲಿ ಒಂದು. ನಮ್ಮಲ್ಲಿ ಮಂಜುನಾಥ, ಬಸವರಾಜ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂತೆ.

ಮನೆತನದ ಹೆಸರು ಮೊದಲು

ಹಂಗೇರಿಯನ್ ಭಾಷೆಯಲ್ಲಿ 's' ಅಕ್ಷರಕ್ಕೆ 'ಶ' ಉಚ್ಚಾರ, 'sz' ಜೋಡಿಗೆ 'ಸ' ಉಚ್ಚಾರ. ಹಾಗಾಗಿಯೇ ನಾವು ಬುಡಾಪೆಸ್ಟ್ ಎನ್ನುವ ಊರನ್ನು ಅಲ್ಲಿಯವರು ಬುಡಪೆಶ್ಟ್ ಎನ್ನುತ್ತಾರೆ. ಮನೆಯಲ್ಲಿ ಲಾಸ್ಲೋ 'ಲತ್ಸಿ' ಆಗುತ್ತಾನೆ.

ಇನ್ನೊಂದು ವಿಷಯ ಕನ್ನಡಿಗರಿಗೆ ಬೇಗ ಅರ್ಥವಾಗುವಂಥದ್ದು. ಯುರೋಪಿನ ಹೆಚ್ಚಿನ ದೇಶಗಳಿಗಿಂತ ಭಿನ್ನವಾಗಿ ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂದು ಬರೆಯುವ ನಮಗೆ 'ಕ್ರಸ್ನಹೋರ್ಕಯಿ ಲಾಸ್ಲೋ' ಎಂಬ ಕ್ರಮ ವಿಚಿತ್ರವೇನಲ್ಲ. ಆ ಮನೆತನದ ಹೆಸರಿನ ಕೊನೆಯ 'ಇ' ಎಂದರೆ 'ಆ ಊರಿನವನು' ಎಂದು. ಮುಂಬೈ, ಪುಣೆಯ ಕನ್ನಡಿಗರಿಗೆ ಹುಬ್ಬಳ್ಳಿಕರ, ಧಾರವಾಡಕರ ಎಂಬ ಅಡ್ಡಹೆಸರುಗಳು ಗೊತ್ತೇ ಇವೆ. ಇದೂ ಅದೇ ಜಾತಿಯದು. ಕಸುಬಿನ ಹೆಸರುಗಳೂ ಹಾಗೆಯೇ. ಕೊವಾಚ್ ಎಂದರೆ ಕಮ್ಮಾರ, ಸಬೋ ಎಂದರೆ ದರ್ಜಿ, ಬಿರೋ ಎಂದರೆ ನ್ಯಾಯಾಧೀಶ.

ಎಲ್ಲದಕ್ಕೂ ಮೂಲ ಒಬ್ಬ ರಾಜ

ಹೆಸರಿನ ಬೇರು ಸ್ಲಾವಿಕ್ ಭಾಷೆಗಳ 'ವ್ಲಾದಿಸ್ಲಾವ್'. ಆಳ್ವಿಕೆ ಮತ್ತು ಕೀರ್ತಿ ಎಂಬ ಎರಡು ಪದಗಳು ಸೇರಿದ ಹೆಸರು ಅದು. ಹಂಗೇರಿಯಲ್ಲಿ ಅದನ್ನು ಮನೆಮಾತು ಮಾಡಿದವನು 1077ರಿಂದ 1095ರವರೆಗೆ ಆಳಿದ ದೊರೆ ಮೊದಲನೇ ಲಾಸ್ಲೋ. ಆತ ಹುಟ್ಟಿದ್ದು ಪೋಲೆಂಡಿನಲ್ಲಿ. 1192ರಲ್ಲಿ ಕ್ಯಾಥೊಲಿಕ್ ಚರ್ಚ್ ಆತನನ್ನು ಸಂತ ಎಂದು ಘೋಷಿಸಿತು. ಜೂನ್ 27 ಆತನ ದಿನ. ಹಂಗೇರಿಯ ಲಾಸ್ಲೋಗಳಿಗೆಲ್ಲ ಅಂದು ನಾಮದಿನ, ಹುಟ್ಟುಹಬ್ಬದಂತೆಯೇ ಶುಭಾಶಯ.

ಜನಪದದಲ್ಲಿ ಈ ದೊರೆಯ ಕಥೆಗಳು ಬೇಕಾದಷ್ಟು. ಬೆನ್ನಟ್ಟಿ ಬಂದ ಶತ್ರುಗಳು ನೆಲದಲ್ಲಿ ಚೆಲ್ಲಿದ್ದ ಚಿನ್ನದ ನಾಣ್ಯ ಆರಿಸಲು ನಿಂತರಂತೆ, ರಾಜ ಪ್ರಾರ್ಥಿಸಿದೊಡನೆ ನಾಣ್ಯಗಳೆಲ್ಲ ಕಲ್ಲಾದವಂತೆ. ದುಂಡಗಿನ ನಾಣ್ಯದಂತೆ ಕಾಣುವ ಒಂದು ಬಗೆಯ ಪಳೆಯುಳಿಕೆಗೆ ಅಲ್ಲಿ ಈಗಲೂ 'ಸಂತ ಲಾಸ್ಲೋನ ಹಣ' ಎಂಬ ಹೆಸರಿದೆ.

ಇದೇ ದೊರೆಯ ಕಾಲದಲ್ಲಿ, 1092ರಲ್ಲಿ, ಸಬೋಲ್ಚ್ ಎಂಬಲ್ಲಿ ಸೇರಿದ ಧರ್ಮಸಭೆ ಯಹೂದಿಗಳು ಕ್ರೈಸ್ತರನ್ನು ಮದುವೆಯಾಗುವುದನ್ನು ನಿಷೇಧಿಸಿತು. ಇದನ್ನು ಇಲ್ಲಿ ನೆನಪಿಸಲು ಕಾರಣವಿದೆ. ಎಂಟು ಶತಮಾನಗಳ ನಂತರ ಹಂಗೇರಿಯ ಯಹೂದಿ ಕುಟುಂಬಗಳೇ ತಮ್ಮ ಗಂಡುಮಕ್ಕಳಿಗೆ ಈ ರಾಜನ ಹೆಸರಿಟ್ಟವು. ತಾವು ಪೂರ್ತಿ ಹಂಗೇರಿಯವರೇ ಎಂದು ಹೇಳುವ ದಾರಿ ಅದಾಗಿತ್ತು. ಅವರಲ್ಲಿ ಹಲವರು ಜರ್ಮನ್ ಮೂಲದ ಅಡ್ಡಹೆಸರನ್ನೂ ಬದಲಿಸಿಕೊಂಡರು. ಆ ಬದಲಾವಣೆ ಅವರನ್ನು ಕಾಪಾಡಲಿಲ್ಲ.

ಪೆನ್ ಕೊಟ್ಟವನು ದೇಶ ಬಿಟ್ಟ

1899ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಲಾಸ್ಲೋ ಬಿರೋ ಅವರ ಮನೆತನದ ಮೊದಲ ಹೆಸರು ಶ್ವೈಗರ್. ಹೊಟ್ಟೆಪಾಡಿಗೆ ಪತ್ರಕರ್ತ. ಆ ಕಾಲದ ಫೌಂಟನ್ ಪೆನ್ ಯಾರನ್ನೂ ಬಿಟ್ಟಿರಲಿಲ್ಲ: ಶಾಯಿ ಬೇಗ ಒಣಗದು, ಕೈಗೆ ಮೆತ್ತುತ್ತದೆ, ಜೇಬಿನಲ್ಲಿ ಸೋರುತ್ತದೆ. ಆದರೆ ಪತ್ರಿಕೆ ಮುದ್ರಿಸುವ ಶಾಯಿ ಥಟ್ಟನೆ ಒಣಗುವುದನ್ನು ಬಿರೋ ಗಮನಿಸಿದ್ದರು. ಅದನ್ನೇ ಪೆನ್ನಿಗೆ ತುಂಬಿದರೆ? ತುಂಬಿ ನೋಡಿದರು, ಅಷ್ಟು ಮಂದ ಶಾಯಿ ನಿಬ್ಬಿನಿಂದ ಇಳಿಯಲೇ ಇಲ್ಲ.

ಹಾಗಾಗಿ ನಿಬ್ಬನ್ನೇ ಬಿಟ್ಟರು. ತುದಿಯಲ್ಲಿ ಒಂದು ಪುಟ್ಟ ಲೋಹದ ಗುಂಡು, ಅದು ತನ್ನ ಕುಳಿಯಲ್ಲಿ ಉರುಳುತ್ತ ಒಳಗಿನ ಶಾಯಿಯನ್ನು ಕಾಗದಕ್ಕೆ ತರಬೇಕು. ಗುಂಡಿನ ಯೋಚನೆ ಅವರಿಗಿಂತ ಮೊದಲೇ ಬಂದಿತ್ತು. 1888ರಲ್ಲೇ ಅಮೆರಿಕದ ಜಾನ್ ಲೌಡ್ ಪೇಟೆಂಟ್ ಪಡೆದಿದ್ದರು. ಕಾಗದದ ಮೇಲೆ ನಯವಾಗಿ ಬರೆಯುವ ಪೆನ್ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಶಾಯಿ ತೆಳ್ಳಗಾದರೆ ಸೋರುತ್ತಿತ್ತು, ಗಟ್ಟಿಯಾದರೆ ಕಟ್ಟಿಕೊಳ್ಳುತ್ತಿತ್ತು. ಬಿರೋ ತಮ್ಮ ಸಹೋದರ ಗ್ಯೋರ್ಗ್ ಜೊತೆ ಸೇರಿ ಶಾಯಿಯ ಹದ ಹುಡುಕಿದರು. ಅವರ ನಿಜವಾದ ಕೊಡುಗೆ ಆ ಹದ, ಗುಂಡು ಅಲ್ಲ.

1938ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಹಂಗೇರಿಯಲ್ಲಿ ಯಹೂದಿಗಳ ಉದ್ಯೋಗಕ್ಕೆ ಮಿತಿ ಹಾಕುವ ಮೊದಲ ಕಾನೂನೂ ಬಂತು. ಬಿರೋ ಪ್ಯಾರಿಸ್‌ಗೆ ಹೋದರು, ಅಲ್ಲಿಂದ ಅರ್ಜೆಂಟೀನಾಕ್ಕೆ. ಅರ್ಜೆಂಟೀನಾದ ಮಾಜಿ ಅಧ್ಯಕ್ಷ ಅಗುಸ್ತಿನ್ ಹುಸ್ತೋ ಅವರನ್ನು ಹಿಂದೊಮ್ಮೆ ಆಕಸ್ಮಿಕವಾಗಿ ಭೇಟಿಯಾದದ್ದು, ಅವರು ಪೆನ್ ನೋಡಿ ಮೆಚ್ಚಿ ಬನ್ನಿ ಎಂದದ್ದು ಕೈಹಿಡಿಯಿತು. ಬಿಟ್ಟುಬಂದ ಊರಿನಲ್ಲಿ ನಡೆದದ್ದು ಗೊತ್ತೇ ಇದೆ. 1944ರ ಬೇಸಿಗೆಯಲ್ಲಿ ಎರಡು ತಿಂಗಳೊಳಗೆ ಹಂಗೇರಿಯಿಂದ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿನಲ್ಲಿ ತುಂಬಿ ಸಾಗಿಸಲಾಯಿತು. ಹೆಚ್ಚಿನವರನ್ನು ಕೊಂಡೊಯ್ದದ್ದು ಆಶ್ವಿಟ್ಸ್‌ಗೆ.

1943ರ ಜೂನ್ 10ರಂದು ಅರ್ಜೆಂಟೀನಾದಲ್ಲಿ ಬಿರೋ ಹೊಸ ಪೇಟೆಂಟ್ ಪಡೆದರು. ವಿಮಾನ ಮೇಲೇರಿದಾಗ ಗಾಳಿಯ ಒತ್ತಡ ಕಡಿಮೆಯಾಗಿ ಫೌಂಟನ್ ಪೆನ್ ಸೋರುತ್ತದೆ. ಈ ಪೆನ್ ಸೋರುತ್ತಿರಲಿಲ್ಲ. ಆದ್ದರಿಂದ ಬ್ರಿಟಿಷ್ ವಾಯುಪಡೆಗೆ ಇದು ಬೇಕಾಯಿತು. ಯುದ್ಧ ಮುಗಿದ ಮೇಲೆ ಫ್ರಾನ್ಸಿನ ಮಾರ್ಸೆಲ್ ಬಿಶ್ ಹಕ್ಕು ಪಡೆದು, 1950ರಲ್ಲಿ ಅಗ್ಗದ 'ಬಿಕ್ ಕ್ರಿಸ್ಟಲ್' ಪೆನ್ ಮಾರುಕಟ್ಟೆಗೆ ಬಿಟ್ಟರು. ಉಳಿದದ್ದು ನಮ್ಮೆಲ್ಲರ ಶಾಲೆಯ ಚೀಲದಲ್ಲಿದೆ.

ಬ್ರಿಟನ್ನಿನಲ್ಲಿ ಬಾಲ್‌ಪೆನ್ನಿಗೆ ಇಂದಿಗೂ 'ಬೈರೋ' ಎನ್ನುತ್ತಾರೆ, ಅರ್ಜೆಂಟೀನಾದಲ್ಲಿ 'ಬಿರೋಮೆ'. ಅವರ ಜನ್ಮದಿನವಾದ ಸೆಪ್ಟೆಂಬರ್ 29 ಅಲ್ಲಿ ಆವಿಷ್ಕಾರಕರ ದಿನ. ಆದರೆ ಅಲ್ಲಿ ಅವರು ಲಾಸ್ಲೋ ಆಗಿ ಉಳಿಯಲಿಲ್ಲ. ಸ್ಪ್ಯಾನಿಷ್ ನಾಲಿಗೆಗೆ ಒಗ್ಗುವಂತೆ 'ಲಾದಿಸ್ಲಾವೊ' ಆದರು.

ಕಲಾವಿದ, ಛಾಯಾಗ್ರಾಹಕ ಲಾಸ್ಲೋ ಮೊಹೊಯ್-ನಾಗ್ ಅವರದ್ದೂ ಇಂಥದ್ದೇ ದಾರಿ. ಹುಟ್ಟಿದಾಗ ಅವರು ವೈಸ್. ನಾಗ್ ಸೋದರಮಾವನ ಕಡೆಯಿಂದ ಬಂದದ್ದು, ಮೊಹೊಯ್ ಬೆಳೆದ ಊರಿನಿಂದ. ಜರ್ಮನಿಯ ಹೆಸರಾಂತ ಬಾಹೌಸ್ ಶಾಲೆಯಲ್ಲಿ 1923ರಿಂದ 1928ರವರೆಗೆ ಪಾಠ ಹೇಳಿ, 1937ರಲ್ಲಿ ಶಿಕಾಗೋದಲ್ಲಿ ಹೊಸ ಬಾಹೌಸ್ ತೆರೆದರು.

ಒಬ್ಬರು ಓಡಿಹೋದರು, ಒಬ್ಬರು ಉಳಿದರು

ಎರಡನೇ ಮಹಾಯುದ್ಧದ ನಂತರ ಹಂಗೇರಿ ಕಮ್ಯುನಿಸ್ಟ್ ಆಡಳಿತಕ್ಕೆ ಬಂತು. ಗಡಿ ದಾಟಲು ಸರ್ಕಾರದ ಅಪ್ಪಣೆ ಬೇಕಾಯಿತು. ಇಬ್ಬರು ಕ್ರೀಡಾಪಟು ಲಾಸ್ಲೋಗಳ ಬದುಕು ಈ ಗಡಿಯ ಎರಡು ಕಡೆ ನಿಲ್ಲುತ್ತದೆ.

ಫುಟ್‌ಬಾಲ್ ಆಟಗಾರ ಲಾಸ್ಲೋ ಕುಬಾಲಾ 1949ರ ಜನವರಿಯಲ್ಲಿ ಸೋವಿಯತ್ ಸೈನಿಕನ ವೇಷ ಹಾಕಿ, ಟ್ರಕ್ಕಿನಲ್ಲಿ ದೇಶದಿಂದ ಪರಾರಿಯಾದರು. ಇಟಲಿಗೆ ಬಂದ ಅವರನ್ನು ಟೊರಿನೋ ತಂಡ ಲಿಸ್ಬನ್‌ನ ಪಂದ್ಯವೊಂದಕ್ಕೆ ಕರೆಯಿತು. ಮಗನಿಗೆ ಹುಷಾರಿಲ್ಲವೆಂದು ಅವರು ಹೋಗಲಿಲ್ಲ. ಮರಳಿ ಬರುವಾಗ, ಮೇ 4ರಂದು, ತಂಡದ ವಿಮಾನ ಸುಪೆರ್ಗಾ ಬೆಟ್ಟಕ್ಕೆ ಅಪ್ಪಳಿಸಿ 31 ಮಂದಿ ಸತ್ತರು.

ಹಂಗೇರಿಯ ದೂರಿನ ಮೇಲೆ ನಿಷೇಧಕ್ಕೊಳಗಾದ ಕುಬಾಲಾ, ತಮ್ಮಂತೆಯೇ ಓಡಿಬಂದವರ 'ಹಂಗೇರಿಯಾ' ಎಂಬ ತಂಡ ಕಟ್ಟಿಕೊಂಡು ಊರೂರು ಆಡಿದರು. 1950ರಲ್ಲಿ ಬಾರ್ಸಿಲೋನಾ ಅವರನ್ನು ಸೇರಿಸಿಕೊಂಡಿತು. 1952ರ ಒಂದೇ ಪಂದ್ಯದಲ್ಲಿ ಅವರು 7 ಗೋಲು ಹೊಡೆದರು. ಅವರ ಆಟ ನೋಡಲು ಬರುವ ಜನರಿಗೆ ಹಳೇ ಮೈದಾನ ಸಾಲದೆ ಹೋದದ್ದೇ 1957ರಲ್ಲಿ ಕ್ಯಾಂಪ್ ನೌ ಎದ್ದು ನಿಲ್ಲಲು ಒಂದು ಕಾರಣ ಎನ್ನುವವರಿದ್ದಾರೆ. ಚೆಕೊಸ್ಲೊವಾಕಿಯಾ, ಹಂಗೇರಿ, ಸ್ಪೇನ್ ಹೀಗೆ ಮೂರು ದೇಶಗಳ ಪರ ಆಡಿದ ಅವರು ವಿಶ್ವಕಪ್‌ನ ಅಂತಿಮ ಸುತ್ತಿನ ಒಂದು ಪಂದ್ಯವನ್ನೂ ಆಡಲಿಲ್ಲ.

ಬಾಕ್ಸರ್ ಲಾಸ್ಲೋ ಪಾಪ್ ಓಡಿಹೋಗಲಿಲ್ಲ. 1948, 1952, 1956 ಹೀಗೆ ಸತತ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಮೊದಲ ಬಾಕ್ಸರ್ ಅವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಹೊತ್ತಿಗೆ ಬುಡಾಪೆಸ್ಟ್‌ನ ಜನದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿಹಾಕಿದ್ದವು. ಹಂಗೇರಿಯ ಹಲವು ಕ್ರೀಡಾಪಟುಗಳು ಆಸ್ಟ್ರೇಲಿಯಾದಿಂದ ಮನೆಗೆ ಮರಳಲೇ ಇಲ್ಲ. ಪಾಪ್ ಮರಳಿದರು. ನಂತರ ವೃತ್ತಿಪರ ಬಾಕ್ಸಿಂಗ್‌ಗೆ ಇಳಿಯಲು ಅವರಿಗೆ ವಿಶೇಷ ಅನುಮತಿ ಸಿಕ್ಕಿತು, ಯುರೋಪ್ ಚಾಂಪಿಯನ್ ಆದರು, 29 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಇನ್ನೇನು ವಿಶ್ವಪಟ್ಟಕ್ಕೆ ಸೆಣಸಬೇಕು ಎನ್ನುವಾಗ, 1960ರ ದಶಕದ ಮಧ್ಯದಲ್ಲಿ, ಸರ್ಕಾರ ವಿದೇಶಕ್ಕೆ ಹೋಗಲು ಬಿಡಲಿಲ್ಲ. ದುಡ್ಡಿಗಾಗಿ ಹೊಡೆದಾಡುವುದು ಸಮಾಜವಾದಕ್ಕೆ ಹೊಂದದು ಎಂಬ ತಗಾದೆ. ಮೆಲ್ಬರ್ನ್ ಫೈನಲ್‌ನಲ್ಲಿ ಅವರ ಎದುರು ಸೋತಿದ್ದ ಹೊಸೆ ತೊರೆಸ್ 1965ರಲ್ಲಿ ವಿಶ್ವ ಚಾಂಪಿಯನ್ ಆದರು. ಪಾಪ್ ಅವರಿಗೆ ಆ ಅವಕಾಶವೇ ಸಿಗಲಿಲ್ಲ. ಬುಡಾಪೆಸ್ಟ್‌ನ ದೊಡ್ಡ ಒಳಾಂಗಣ ಕ್ರೀಡಾಂಗಣಕ್ಕೆ ಈಗ ಅವರ ಹೆಸರಿದೆ.

ಚೆಸ್ ಅಪ್ಪ, ಗಣಿತದ ಮೇಷ್ಟ್ರು

ಭಾರತದ ಚೆಸ್ ಪ್ರೇಮಿಗಳಿಗೆ ಪೋಲ್ಗಾರ್ ಹೆಸರು ಹೊಸದಲ್ಲ. ಪ್ರತಿಭೆ ಹುಟ್ಟಿನಿಂದ ಬರುವುದಿಲ್ಲ, ರೂಪಿಸಬೇಕು ಎಂಬುದು ಲಾಸ್ಲೋ ಪೋಲ್ಗಾರ್ ಅವರ ನಂಬಿಕೆ. ಮೂವರು ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸದೆ, ಹೆಂಡತಿ ಕ್ಲಾರಾ ಜೊತೆ ಸೇರಿ ಮನೆಯಲ್ಲೇ ಓದಿಸಿ ಚೆಸ್ ಕಲಿಸಿದರು. ಅಧಿಕಾರಿಗಳ ಜೊತೆ ಜಗಳವೂ ಆಯಿತು. ಹಿರಿಯಳು ಸೂಸನ್ ಮಹಿಳಾ ವಿಶ್ವ ಚಾಂಪಿಯನ್ ಆದಳು. ಕಿರಿಯಳು ಜೂಡಿತ್ 1991ರಲ್ಲಿ 15 ವರ್ಷ ತುಂಬಿ ಕೆಲವೇ ತಿಂಗಳಾದಾಗ ಗ್ರ್ಯಾಂಡ್‌ಮಾಸ್ಟರ್ ಆಗಿ, ಬಾಬಿ ಫಿಷರ್ ದಾಖಲೆ ಮುರಿದಳು. ಮಹಿಳೆಯರ ಪೈಕಿ ಅವಳ ದಾಖಲೆಯನ್ನು 2002ರಲ್ಲಿ ಮುರಿದದ್ದು ಆಂಧ್ರದ ಕೊನೇರು ಹಂಪಿ. ಮಕ್ಕಳ ಬಾಲ್ಯವನ್ನು ಪ್ರಯೋಗಕ್ಕೆ ಒಡ್ಡಬಹುದೇ ಎಂಬ ಪ್ರಶ್ನೆ ಮಾತ್ರ ಪೋಲ್ಗಾರ್ ಅವರನ್ನು ಬಿಡಲಿಲ್ಲ. ಚೆಸ್‌ಗೋ ಕ್ರಿಕೆಟ್‌ಗೋ ಮಗುವನ್ನು ಶಾಲೆ ಬಿಡಿಸುವ ನಮ್ಮ ಪಾಲಕರೂ ಎದುರಿಸಬೇಕಾದ ಪ್ರಶ್ನೆಯೇ ಅದು.

ಹೈದರಾಬಾದ್‌ನ ಓದುಗರಿಗೆ ಇನ್ನೊಬ್ಬ ಲಾಸ್ಲೋ ಹತ್ತಿರದವರು. 2010ರ ಆಗಸ್ಟ್‌ನಲ್ಲಿ ಅಲ್ಲಿ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನ ನಡೆದಾಗ ಅದರ ಮಾತೃಸಂಸ್ಥೆಯಾದ ಅಂತಾರಾಷ್ಟ್ರೀಯ ಗಣಿತ ಒಕ್ಕೂಟದ ಅಧ್ಯಕ್ಷರಾಗಿದ್ದವರು ಲಾಸ್ಲೋ ಲೋವಾಸ್. ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳ ಗಣಿತ ಅವರ ಕ್ಷೇತ್ರ. ಇಂಟರ್‌ನೆಟ್‌ನಂಥ ಜಾಲಗಳನ್ನು ಅರ್ಥಮಾಡಿಕೊಳ್ಳಲು ಬೇಕಾದದ್ದು ಅದೇ. 1982ರಲ್ಲಿ ಇಬ್ಬರು ಲೆನ್‌ಸ್ಟ್ರಾ ಸಹೋದರರ ಜೊತೆ ಅವರು ರೂಪಿಸಿದ ಲೆಕ್ಕದ ವಿಧಾನ, ಗೂಢಲಿಪಿಗಳು ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ಇಂದಿಗೂ ಬಳಕೆಯಲ್ಲಿದೆ. 2021ರಲ್ಲಿ ಅವಿ ವಿಗ್ಡರ್‌ಸನ್ ಜೊತೆ ಅಬೆಲ್ ಪ್ರಶಸ್ತಿ ಹಂಚಿಕೊಂಡರು.

ಎಲ್ಲ ಲಾಸ್ಲೋಗಳೂ ಒಳ್ಳೆಯದಕ್ಕೇ ಹೆಸರಾದವರಲ್ಲ. 'ದಿ ಇಂಗ್ಲಿಷ್ ಪೇಷಂಟ್' ಸಿನಿಮಾದ ನಾಯಕನಿಗೆ ಆಧಾರವಾದ ಮರುಭೂಮಿ ಅನ್ವೇಷಕ ಲಾಸ್ಲೋ ಅಲ್ಮಾಶಿ, ಯುದ್ಧದಲ್ಲಿ ಜರ್ಮನ್ ಸೇನೆಗೆ ದಾರಿ ತೋರಿಸಿದವರು. 1972ರ ಮೇ 21ರಂದು ವ್ಯಾಟಿಕನ್‌ನಲ್ಲಿ ಮೈಕೆಲ್ಯಾಂಜೆಲೋನ 'ಪಿಯೆತಾ' ಶಿಲ್ಪಕ್ಕೆ ಸುತ್ತಿಗೆಯಿಂದ ಬಡಿದು ಮೇರಿಯ ಕೈ, ಮೂಗು ಮುರಿದವನ ಹೆಸರು ಲಾಸ್ಲೋ ತೋತ್. ತಾನೇ ಯೇಸು ಎಂದು ಕೂಗುತ್ತಿದ್ದ ಆತನನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಶಿಲ್ಪ ಅಂದಿನಿಂದ ಗುಂಡು ನಿರೋಧಕ ಗಾಜಿನ ಹಿಂದಿದೆ. 'ದಿ ಬ್ರೂಟಲಿಸ್ಟ್' ಸಿನಿಮಾದಲ್ಲಿ ಏಡ್ರಿಯನ್ ಬ್ರೋಡಿಗೆ 2025ರಲ್ಲಿ ಆಸ್ಕರ್ ತಂದ ಪಾತ್ರದ ಹೆಸರೂ ಲಾಸ್ಲೋ ತೋತ್. ಆದರೆ ಆತ ಕಾಲ್ಪನಿಕ ವಾಸ್ತುಶಿಲ್ಪಿ. ಇಬ್ಬರನ್ನು ಕಲಸಿಕೊಳ್ಳಬಾರದು.

ನೊಬೆಲ್‌ಗೆ ಮುಂಚೆ ಬೂಕರ್

ಕ್ರಸ್ನಹೋರ್ಕಯಿ ಹುಟ್ಟಿದ್ದು 1954ರಲ್ಲಿ, ರೊಮೇನಿಯಾ ಗಡಿಯ ಬಳಿಯ ದ್ಯುಲಾ ಪಟ್ಟಣದಲ್ಲಿ. ಮೊದಲ ಕಾದಂಬರಿ 'ಸಾತಾನ್‌ತಾಂಗೋ' ಬಂದದ್ದು 1985ರಲ್ಲಿ. ಪಾಳುಬಿದ್ದ ಸಾಮೂಹಿಕ ಬೇಸಾಯದ ಊರು, ಬಿಡದ ಮಳೆ, ಸತ್ತನೆಂದು ತಿಳಿದಿದ್ದ ಒಬ್ಬ ಮರಳಿ ಬರುತ್ತಾನೆ ಎಂಬ ಸುದ್ದಿ. ಜನ ಅವನನ್ನೇ ಉದ್ಧಾರಕ ಎಂದು ನಂಬಿ ಕಾಯುತ್ತಾರೆ. ಹನ್ನೆರಡು ಅಧ್ಯಾಯ, ಒಂದೊಂದು ಅಧ್ಯಾಯವೂ ಒಂದೇ ಪ್ಯಾರಾ. ಬೇಲಾ ತಾರ್ ಇದನ್ನು 7 ಗಂಟೆಗೂ ಹೆಚ್ಚಿನ ಸಿನಿಮಾ ಮಾಡಿದರು. ಲೇಖಕರಿಗೆ ಮೊದಲ ಬಾರಿ ಪಶ್ಚಿಮ ಬರ್ಲಿನ್‌ಗೆ ಹೋಗಲು ಸಾಧ್ಯವಾದದ್ದು 1987ರಲ್ಲಿ.

ಕನ್ನಡಕ್ಕೂ ಅವರಿಗೂ ಒಂದು ಎಳೆ ಇದೆ. ಒಂದೇ ಪುಸ್ತಕಕ್ಕಲ್ಲದೆ ಲೇಖಕರ ಒಟ್ಟು ಬರವಣಿಗೆಗೆ ಕೊಡುತ್ತಿದ್ದ ಮ್ಯಾನ್ ಬೂಕರ್ ಅಂತಾರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ 2013ರಲ್ಲಿ ಯು.ಆರ್. ಅನಂತಮೂರ್ತಿ ಇದ್ದರು. ಮುಂದಿನ ಸಲ, 2015ರಲ್ಲಿ, ಅದು ಕ್ರಸ್ನಹೋರ್ಕಯಿ ಪಾಲಾಯಿತು. 2016ರಿಂದ ಅನುವಾದಗೊಂಡ ಒಂದು ಪುಸ್ತಕಕ್ಕೆ ಕೊಡುವ ಪದ್ಧತಿ ಬಂತು, ಹಣದಲ್ಲಿ ಅನುವಾದಕರಿಗೂ ಅರ್ಧ ಪಾಲು. 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗಾಗಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಗೆದ್ದದ್ದು ಇದೇ ಪ್ರಶಸ್ತಿಯನ್ನು. ಐದು ತಿಂಗಳ ನಂತರ ಕ್ರಸ್ನಹೋರ್ಕಯಿ ಅವರಿಗೆ ನೊಬೆಲ್. ಹಂಗೇರಿಯನ್‌ನಲ್ಲಿ ಬರೆದು ಈ ಗೌರವ ಪಡೆದ ಮೊದಲಿಗರು 2002ರಲ್ಲಿ ಇಮ್ರೆ ಕೆರ್ತೇಸ್, ಹದಿಹರೆಯದಲ್ಲಿ ಆಶ್ವಿಟ್ಸ್ ಕಂಡು ಬದುಕಿ ಬಂದವರು.

ಹಂಗೇರಿಯಲ್ಲಿ ಮಗುವಿಗೆ ಮನಸ್ಸಿಗೆ ಬಂದ ಹೆಸರಿಡುವಂತಿಲ್ಲ; ಅಧಿಕೃತ ಪಟ್ಟಿಯಿಂದ ಆರಿಸಬೇಕು, ಹೊಸ ಹೆಸರಿಗೆ ಅರ್ಜಿ ಹಾಕಬೇಕು. ಈಗಿನ ಅಪ್ಪ ಅಮ್ಮಂದಿರ ಒಲವು ಬೆನ್ಸೆ, ಮಾತೆ, ಲೆವೆಂತೆ ಎಂಬ ಹೆಸರುಗಳ ಕಡೆ. ಇನ್ನು ಕ್ರಸ್ನಹೋರ್ಕಯಿ ಅವರ ಅಡ್ಡಹೆಸರಿನಲ್ಲಿರುವ ಆ ಊರು, ಅದರ ಬೆಟ್ಟದ ಕೋಟೆ, ಇಂದು ಹಂಗೇರಿಯಲ್ಲಿಲ್ಲ. ಗಡಿ ಸರಿದು ಅದು ಸ್ಲೊವಾಕಿಯಾಕ್ಕೆ ಸೇರಿದೆ.