ಡೇರೆಯ ಕಣ್ಣು ಕುತ್ತಿಗೆಯಲ್ಲಿ

ಪೇಟೆಯವರಿಗೆ ಡೇಲಿಯಾ, ಶಿರಸಿ–ಸಾಗರದ ಕಡೆಯವರಿಗೆ ಡೇರೆ. ಮಳೆಗಾಲದ ಅಂಗಳದಲ್ಲಿ ನಾಲ್ಕು ಡೇರೆ ಅರಳದಿದ್ದರೆ ಅಲ್ಲಿನ ಹೆಂಗಸರಿಗೆ ಸಮಾಧಾನವಿಲ್ಲ. ಗೆಡ್ಡೆ ಮನೆಯಿಂದ ಮನೆಗೆ ಹೋಗುತ್ತದೆ. ಅದರ ಬೆನ್ನಿಗೇ ಒಂದಷ್ಟು ತಪ್ಪು ತಿಳಿವಳಿಕೆಯೂ ಹೋಗುತ್ತದೆ.

"ಆಲೂಗಡ್ಡೆ ಥರ ತುಂಡು ಮಾಡಿ ಹುಗಿ, ಎಲ್ಲವೂ ಚಿಗುರುತ್ತವೆ" ಎನ್ನುವುದು ಅವುಗಳಲ್ಲಿ ಮೊದಲನೆಯದು. ಇದರಿಂದ ಹಾಳಾದಷ್ಟು ಗೆಡ್ಡೆ ಹುಳದಿಂದಲೂ ಹಾಳಾಗಿರಲಿಕ್ಕಿಲ್ಲ. ಆಲೂಗಡ್ಡೆ ಉಬ್ಬಿದ ಕಾಂಡ, ಅದಕ್ಕೆ ಮೈಯೆಲ್ಲ ಕಣ್ಣು. ಡೇರೆಯದು ಉಬ್ಬಿದ ಬೇರು. ಹಳೆಯ ಕಾಂಡಕ್ಕೆ ಬೇರು ಅಂಟಿಕೊಂಡಿರುವ ಕುತ್ತಿಗೆಯ ಬುಡದಲ್ಲಷ್ಟೇ ಅದರ ಕಣ್ಣು. ಕುತ್ತಿಗೆ ಮುರಿದ ಗೆಡ್ಡೆ ಗೆಣಸಿನಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಆಸೆಗೆ ಬಿದ್ದು ಅಂಥದ್ದನ್ನೇ ಆರಿಸಿ ತಂದು ಎರಡು ತಿಂಗಳು ಮಣ್ಣು ಕೆದಕಿ ನೋಡಿದವಳು ನಾನು. ಹೆಬ್ಬೆರಳಿನಷ್ಟೇ ಇದ್ದು ಕಣ್ಣಿರುವ ಗೆಡ್ಡೆ ಅದಕ್ಕಿಂತ ಎಷ್ಟೋ ಮೇಲು. ಕಣ್ಣು ಕಾಣದಿದ್ದರೆ ಇಡೀ ಗೊಂಚಲನ್ನು ತುಸು ತೇವದ ಮರಳಿನಲ್ಲಿಡಿ. ಮೊಳಕೆ ಉಬ್ಬಿದ ಮೇಲೆ, ಪ್ರತಿ ತುಂಡಿಗೂ ಒಂದು ಕಣ್ಣು ಬರುವಂತೆ ಕತ್ತರಿಸಿ.

"ಮಳೆಗಾಲದ ಗಿಡ, ನೀರು ಎಷ್ಟಾದರೂ ಸರಿ" ಎನ್ನುವುದು ಅರ್ಧ ಸತ್ಯ. ಡೇರೆಯ ತವರು ಮೆಕ್ಸಿಕೋದ ಎತ್ತರದ ಸೀಮೆ. 1963ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಹೂವೆಂದು ಸಾರಿತು. ಅಲ್ಲಿಯೂ ಮಳೆಯಲ್ಲೇ ಬೆಳೆಯುವ ಗಿಡವಿದು. ಆದರೆ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ನಮ್ಮ ಅಂಗಳದ ಜಿಗುಟು ಮಣ್ಣಿನಲ್ಲಿ ಏರಿ ಮಾಡಿ ನೆಡದಿದ್ದರೆ ಗೆಡ್ಡೆ ಕೊಳೆಯುತ್ತದೆ. ಕುಂಡದಲ್ಲಿ ನೆಟ್ಟವರು ಮೊಳಕೆ ಕಾಣುವ ತನಕ ನೀರಿನ ಕೈ ಬಿಗಿಹಿಡಿಯಬೇಕು.

"ಹಳದಿಯ ಪಕ್ಕ ಕೆಂಪು ನೆಟ್ಟೆ, ಮರುವರ್ಷ ಬಣ್ಣ ಬೆರೆತುಹೋಯಿತು" ಎನ್ನುವವರಿದ್ದಾರೆ. ಪಕ್ಕದ ಗಿಡದ ಪರಾಗ ಬಿದ್ದರೆ ಬದಲಾಗುವುದು ಬೀಜ, ಗೆಡ್ಡೆಯಲ್ಲ. ಗೆಡ್ಡೆ ತಾಯಿಯ ಪಡಿಯಚ್ಚು. ಬೀಜದ ಕತೆಯೇ ಬೇರೆ: ತೋಟದ ಡೇರೆಗೆ ಎರಡರ ಬದಲು ಎಂಟು ಸೆಟ್ ಕ್ರೋಮೋಸೋಮ್‌ಗಳ ಗಂಟು, ಆದ್ದರಿಂದ ಪ್ರತಿ ಬೀಜದ ಸಸಿಗೂ ತನ್ನದೇ ಬಣ್ಣ, ತನ್ನದೇ ಆಕಾರ. ಬುಡದಲ್ಲಿ ಬೀಜ ಬಿದ್ದು ಎದ್ದ ಸಸಿಯನ್ನು ಹಳೆಯ ಗಿಡವೆಂದು ಭ್ರಮಿಸಿರುತ್ತೇವೆ. ಅದಲ್ಲದಿದ್ದರೆ ಗೆಡ್ಡೆ ಕಿತ್ತಿಡುವಾಗ ಗುರುತು ಅದಲುಬದಲಾಗಿರುತ್ತದೆ.

ಕುಡಿ ಚಿವುಟಿದರೆ ಗಿಡ ಸೊರಗುತ್ತದೆಂಬ ಹೆದರಿಕೆಯೂ ಬೇಡ. ನಾಲ್ಕು ಜೊತೆ ಎಲೆ ಬಂದಾಗ ಚಿವುಟಿದರೆ ಕವಲು ಹೆಚ್ಚುತ್ತದೆ, ಹೂವೂ ಹೆಚ್ಚುತ್ತದೆ. ತಟ್ಟೆಯಗಲದ ಒಂದೇ ಹೂ ಬೇಕೆನ್ನುವವರು ತುದಿಯ ಮೊಗ್ಗು ಉಳಿಸಿ ಅಕ್ಕಪಕ್ಕದ್ದನ್ನು ತೆಗೆಯಲಿ. ಬಾಡಿದ ಹೂ ಕೀಳುವಾಗ ಮಾತ್ರ ಎಚ್ಚರ: ಹೊಸ ಮೊಗ್ಗು ಗುಂಡಗೆ, ಗಟ್ಟಿ. ಮುಗಿದ ಹೂ ಚೂಪಾಗಿ ಮೆತ್ತಗಿರುತ್ತದೆ. ಗೊಬ್ಬರ ಸುರಿದಷ್ಟೂ ಹೂ ಎಂದು ಯೂರಿಯಾ ಹಾಕಿದವರಿಗೆ ಸಿಗುವುದು ಬರೀ ಸೊಪ್ಪು.

ಕೊನೆಗೆ, ನೀಲಿ ಡೇರೆ. ಡೇರೆಯಲ್ಲಿ ಅಚ್ಚ ನೀಲಿ ಬಣ್ಣವಿಲ್ಲ. ನೇರಳೆಯ ತನಕ ಬರುತ್ತದೆ, ಅಷ್ಟೇ. ಪೊಟ್ಟಣದ ಮೇಲಿನ ನೀಲಿ ಹೂವಿನ ಚಿತ್ರ ನೋಡಿ ದುಡ್ಡು ಕೊಡಬೇಡಿ.